ಮಾಂಸದ ಮಾಹಿತಿಯೂ ಕನ್ನಡದಲ್ಲಿ ಬರಲಿ

ಮಾನ್ಯ ಸಂಪಾದಕರೇ,

ಕಾಸರಗೋಡಿನ ಎಷ್ಟೋ ಮನೆಗಳಲ್ಲಿ ಬೀಫ್ ವಾಡಿಕೆಯ ಊಟ. ಆದರೆ ಅದನ್ನು ಎಷ್ಟು ತಿನ್ನಬೇಕು, ಹೇಗೆ ತಿನ್ನಬೇಕು ಎಂದು ಕನ್ನಡದಲ್ಲಿ ಹೇಳುವವರಿಲ್ಲ. ಈಚೆಗೆ ರಕ್ತಹೀನತೆಯ ಬಗ್ಗೆ ಒಂದು ಕರಪತ್ರ ನನ್ನ ಕೈಗೆ ಬಂತು. ಸೊಪ್ಪು, ಬೆಲ್ಲ, ಖರ್ಜೂರ ಎಲ್ಲ ಇತ್ತು. ಮಾಂಸದ ಮಾತೇ ಇರಲಿಲ್ಲ. ಅದೂ ಬರೀ ಮಲಯಾಳದಲ್ಲಿ.

ಕೊಬ್ಬು ಕಡಿಮೆಯಿರುವ 100 ಗ್ರಾಂ ಹಸಿ ಬೀಫ್ ಕೀಮಾದಲ್ಲಿ (ಸಣ್ಣಗೆ ಕೊಚ್ಚಿದ ಮಾಂಸದಲ್ಲಿ) ಸುಮಾರು 20 ಗ್ರಾಂ ಪ್ರೋಟೀನ್, 2 ಮಿಲಿಗ್ರಾಂ ಕಬ್ಬಿಣದಂಶ ಇರುತ್ತದೆ. ಎರಡೇ ಮಿಲಿಗ್ರಾಂ ಅನಿಸಬಹುದು. ಆದರೆ ಸೊಪ್ಪು, ಕಾಳುಗಳ ಕಬ್ಬಿಣಕ್ಕಿಂತ ಮಾಂಸದ ಕಬ್ಬಿಣ ದೇಹಕ್ಕೆ ಸುಲಭವಾಗಿ ಸೇರುತ್ತದೆ. ಜೊತೆಗೆ ಸೊಪ್ಪಿನ ಪಲ್ಯ ತಿಂದರೆ ಅದರ ಕಬ್ಬಿಣವೂ ಜಾಸ್ತಿ ದಕ್ಕುತ್ತದೆ. ಮಾಂಸದಲ್ಲಿ ಬಿ12 ವಿಟಮಿನ್, ಸತುವೂ (ಜಿಂಕ್) ಸಿಗುತ್ತವೆ. ಹಲ್ಲು ಹೋದ ಅಜ್ಜಿಯರಿಗೆ ಕೀಮಾ ಅಗಿಯಲೂ ಸುಲಭ, ಅಲ್ವಾ?

ಹಾಗಂತ ದಿನಾ ಬೇಡ. ಬೇಯಿಸಿದ ಕೆಂಪು ಮಾಂಸ ವಾರಕ್ಕೆ 350ರಿಂದ 500 ಗ್ರಾಂ ದಾಟಬಾರದು ಎಂದು ವಿಶ್ವ ಕ್ಯಾನ್ಸರ್ ಸಂಶೋಧನಾ ನಿಧಿ ಹೇಳುತ್ತದೆ. ಇನ್ನೊಂದು ಮಾತು. ಕೊಚ್ಚುವಾಗ ಮೇಲಿನ ರೋಗಾಣು ಒಳಗೂ ಸೇರುತ್ತದೆ. ಆದ್ದರಿಂದ ಕೀಮಾ ಪೂರ್ತಿ ಬೇಯಲೇಬೇಕು.

ತಿನ್ನುವುದು, ಬಿಡುವುದು ಅವರವರ ಇಷ್ಟ. ತಿನ್ನುವವರಿಗೆ ಸರಿಯಾದ ಮಾಹಿತಿ ಸಿಗಬೇಕು ಅಷ್ಟೇ. ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯ ಅಂಗನವಾಡಿಗಳಲ್ಲಿ, ಕುಟುಂಬಶ್ರೀ ಮಹಿಳಾ ಸಂಘಗಳ ಸಭೆಗಳಲ್ಲಿ ಮೀನು, ಮೊಟ್ಟೆ, ಬೀಫ್, ಕಾಳು ಎಲ್ಲವನ್ನೂ ಸೇರಿಸಿದ ಆಹಾರದ ಕರಪತ್ರವನ್ನು ಆರೋಗ್ಯ ಇಲಾಖೆ ಕನ್ನಡದಲ್ಲೂ ಹಂಚಲಿ.

– ಓದುಗ, ಕುಂಬಳೆ