ಪದಕ ತಿಕ್ಕುವ ಮುನ್ನ ಅಂಚು ಓದಿ

ಮಾನ್ಯ ಸಂಪಾದಕರೇ,

ಮಲೆನಾಡಿನ ಎಷ್ಟೋ ಮನೆಗಳ ಅಟ್ಟದ ಪೆಟ್ಟಿಗೆಗಳಲ್ಲಿ ಅಜ್ಜನೋ ಮುತ್ತಜ್ಜನೋ ಯುದ್ಧದಿಂದ ತಂದ ಪದಕಗಳಿವೆ. ಹಬ್ಬ ಬಂದಾಗ ಹಿತ್ತಾಳೆ ಪಾತ್ರೆಗಳ ಜೊತೆ ಅವನ್ನೂ ಹುಣಸೆಹಣ್ಣು ಹಾಕಿ ತಿಕ್ಕುವವರಿದ್ದಾರೆ. ದಯವಿಟ್ಟು ತಿಕ್ಕಬೇಡಿ. ದುಂಡು ಪದಕದ ಅಂಚಿನಲ್ಲಿ, ನಕ್ಷತ್ರ ಪದಕದ ಹಿಂಬದಿಯಲ್ಲಿ ಸೈನಿಕನ ಸಂಖ್ಯೆ, ಹುದ್ದೆ, ಹೆಸರು, ಪಡೆ ಸಣ್ಣ ಅಕ್ಷರದಲ್ಲಿರುತ್ತವೆ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನಿಕರಿಗೆ ಹೆಸರಿಲ್ಲದ ಪದಕ ಕೊಟ್ಟರು. ಭಾರತೀಯರ ಪದಕಗಳಲ್ಲಿ ಸಾಮಾನ್ಯವಾಗಿ ಹೆಸರಿರುತ್ತದೆ. ಸವೆದ ಅಕ್ಷರ ಓದಲು ಕತ್ತಲೆ ಕೋಣೆಯಲ್ಲಿ ಟಾರ್ಚನ್ನು ಓರೆಯಾಗಿ ಹಿಡಿದು ಫೋಟೊ ತೆಗೆಯಿರಿ. ಅಥವಾ ಅಂಚಿಗೆ ತೆಳು ಕಾಗದ ಸುತ್ತಿ, ಪೆನ್ಸಿಲ್ಲನ್ನು ಮಲಗಿಸಿ ಹಗುರವಾಗಿ ಉಜ್ಜಿ.

ಅಜ್ಜನ ಸೇವಾ ದಾಖಲೆ ಹುಡುಕಲು ಹುದ್ದೆಯೇ ಅರ್ಧ ದಾರಿ ತೋರಿಸುತ್ತದೆ. ಸವಾರ ಎಂದರೆ ಅಶ್ವದಳ, ಸಿಪಾಯಿ ಎಂದರೆ ಕಾಲಾಳು. ಸ್ಯಾಪರ್ (ಸೇನೆಯ ಎಂಜಿನಿಯರ್ ದಳದ ಸೈನಿಕ) ಎಂದಿದ್ದರೆ ನಮ್ಮ ಕಡೆಯವರು ಹೆಚ್ಚಾಗಿ ಮದ್ರಾಸ್ ಸ್ಯಾಪರ್ಸ್. ಅದರ ದಾಖಲೆ ಕಚೇರಿ ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್‌ನಲ್ಲಿದೆ (ಎಂಇಜಿ). ಮದ್ರಾಸ್ ರೆಜಿಮೆಂಟಿನದು ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿ. ಸಂಖ್ಯೆ ಬರೆಯದೆ ಬರೀ ಹೆಸರು ಕಳಿಸಿದರೆ ಹುಡುಕುವವರಿಗೂ ದಾರಿಯಿಲ್ಲ. ತಿಮ್ಮಪ್ಪ, ನಾಗಪ್ಪ ಎಂಬ ಹೆಸರಿನವರು ಎಷ್ಟು ಜನ!

ಹೆಚ್ಚಿನವರು ಎಡವುವುದು, ಅಜ್ಜ ಇದ್ದದ್ದು ಬ್ರಿಟಿಷರ ಭಾರತೀಯ ಸೇನೆಯಲ್ಲೋ ಮೈಸೂರು ಮಹಾರಾಜರ ಪಡೆಯಲ್ಲೋ ಎಂದು ಕೇಳಿಕೊಳ್ಳದೆ ಇರುವುದರಿಂದ. 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾದಲ್ಲಿ ಹೋರಾಡಿದ ಮೈಸೂರು ಲ್ಯಾನ್ಸರ್ಸ್, 1942ರ ಫೆಬ್ರವರಿ 15ರಂದು ಸಿಂಗಪುರದಲ್ಲಿ ಸೆರೆಯಾದ 1ನೇ ಮೈಸೂರು ಇನ್‌ಫೆಂಟ್ರಿ ಎರಡೂ ಸಂಸ್ಥಾನದ ಪಡೆಗಳು. ಅವುಗಳ ಜಾಡು ಹಿಡಿಯಲು ಮೊದಲು ಕರ್ನಾಟಕ ರಾಜ್ಯ ಪತ್ರಾಗಾರಕ್ಕೆ ಹೋಗಬೇಕು.

ಮಡಿದವರಾಗಿದ್ದರೆ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಜಾಲತಾಣದಲ್ಲಿ ಉಚಿತವಾಗಿ ಹುಡುಕಬಹುದು. ಬದುಕಿ ಬಂದವರ ಹೆಸರು ಅಲ್ಲಿರುವುದಿಲ್ಲ. ಎಷ್ಟೋ ನಮೂದುಗಳಲ್ಲಿ ತಂದೆಯ ಹೆಸರು, ಊರು ಇರುತ್ತವೆ. ಆದ್ದರಿಂದ ಹೆಸರಿಗಿಂತ ಊರು ಹಾಕಿ ಹುಡುಕುವುದು ಮೇಲು. ಆದರೆ ಊರಿನ ಯಾವ ಹೆಸರು? ಆಗಿನದೇ. ‘ಶಿವಮೊಗ್ಗ’ ಎಂದರೆ ಸಿಗದು, ‘ಶಿಮೊಗಾ’ ಎಂದೇ ಹಾಕಬೇಕು. ಕೊಪ್ಪ, ಮೂಡಿಗೆರೆ 1947ರವರೆಗೆ ಕಡೂರು ಜಿಲ್ಲೆ. ಹೊಸನಗರದ ಹಳ್ಳಿಗಳು ಹಳೆಯ ಕಡತಗಳಲ್ಲಿ ‘ನಗರ’ ತಾಲ್ಲೂಕಿನಡಿ ಇವೆ. ಹೊನ್ನಾಳಿ, ಚನ್ನಗಿರಿ 1997ರವರೆಗೂ ನಮ್ಮ ಶಿವಮೊಗ್ಗ ಜಿಲ್ಲೆಯವೇ.

ಡಿಸ್ಚಾರ್ಜ್ ಪುಸ್ತಕ, ಪಿಂಚಣಿ ಆದೇಶ ಸಿಕ್ಕರೆ ಲ್ಯಾಮಿನೇಷನ್ ಮಾಡಿಸಬೇಡಿ. ಒಳಗೆ ಸಿಕ್ಕ ತೇವ ಅಲ್ಲೇ ಕಾಗದವನ್ನು ತಿನ್ನುತ್ತದೆ, ಮತ್ತೆ ಬಿಡಿಸಲೂ ಆಗದು. ಎರಡೂ ಬದಿ ಫೋಟೊ ತೆಗೆದು, ಕಾಗದದ ಲಕೋಟೆಯಲ್ಲಿಟ್ಟು, ಮಣ್ಣಿನ ಗೋಡೆಯಿಂದ ದೂರ ಇಡಿ.

ಜಿಲ್ಲಾಡಳಿತಕ್ಕೆ ಒಂದು ಕೋರಿಕೆ. ಮಾಜಿ ಸೈನಿಕರಿಗೆ ಜಮೀನು ಮಂಜೂರಾದ ಹಳೆಯ ಕಡತಗಳು ತಾಲ್ಲೂಕು ಕಚೇರಿಗಳ ದಾಖಲೆ ಕೊಠಡಿಯಲ್ಲಿ ಎಲ್ಲಿವೆಯೋ ಅಲ್ಲಿ, ಸೈನಿಕನ ಹೆಸರು, ಹಳ್ಳಿ, ಸರ್ವೆ ನಂಬರು ಇರುವ ಒಂದು ಪಟ್ಟಿಯನ್ನಾದರೂ ಮುಂದಿನ ಮಳೆಗಾಲದೊಳಗೆ ಮಾಡಿಸಲಿ.

– ಒಬ್ಬ ಓದುಗ, ತೀರ್ಥಹಳ್ಳಿ