ಅಪ್ಪನಿಗೆ ಪುಣೆಯಿಂದ: ವಾದ ಇರಲಿ, ಗೆಳೆತನವೂ ಇರಲಿ

ಕೊಥರೂಡ, ಪುಣೆ

ತೀರ್ಥರೂಪು ಅಪ್ಪನವರಿಗೆ ನಿಮ್ಮ ಮಗಳು ಮಾಡುವ ಅನಂತ ನಮಸ್ಕಾರಗಳು. ನಾವೆಲ್ಲ ಇಲ್ಲಿ ಕ್ಷೇಮವಾಗಿದ್ದೇವೆ. ಅಲ್ಲಿ ನೀವೂ ಅವ್ವನೂ ಕ್ಷೇಮವೆಂದು ನಂಬಿದ್ದೇನೆ.

ನೀವೂ ಮಾಸ್ತರ ಕಾಕಾನೂ ಮಾತು ಬಿಟ್ಟಿರುವ ಸಂಗತಿ ಅವ್ವನಿಂದ ತಿಳಿಯಿತು. ನಿವೃತ್ತರ ವಾಟ್ಸಾಪ್ ಗುಂಪಿನಲ್ಲಿ ಚುನಾವಣೆಯ ವಿಷಯವಾಗಿ ಎದ್ದ ವಾದವು ಬೆಳೆದು, ಕಾಕಾ ಗುಂಪನ್ನೇ ತೊರೆದರಂತೆ. ನೀವು ಸಾಧನಕೇರಿಯ ಕಡೆಗೆ ಸಂಜೆ ತಿರುಗಾಡಲು ಹೋಗುವುದನ್ನೂ ನಿಲ್ಲಿಸಿದಿರಂತೆ. ಇದನ್ನು ಫೋನಿನಲ್ಲಿಯೇ ಮಾತನಾಡಬಹುದಿತ್ತು. ಆದರೆ ಫೋನಿನಲ್ಲಿ ನೀವು ಮಾತು ಅರ್ಧಕ್ಕೆ ಬಂದಾಗಲೇ "ಇರ್ಲಿ ಬಿಡು, ಊಟ ಆತೇನು?" ಎಂದು ತಿರುಗಿಸಿಬಿಡುತ್ತೀರಿ. ಪತ್ರವನ್ನಾದರೆ ಪೂರ್ತಿ ಓದುತ್ತೀರಿ ಎಂಬ ಧೈರ್ಯದಿಂದ ಬರೆಯುತ್ತಿದ್ದೇನೆ.

ನಿಮ್ಮಿಬ್ಬರಲ್ಲಿ ಯಾರ ಮಾತು ಸರಿ ಎಂದು ತೀರ್ಪು ಹೇಳುವ ಉದ್ದೇಶ ನನಗಿಲ್ಲ. ನನ್ನ ಮತ ನಿಮಗಿಂತ ಕಾಕಾನ ಕಡೆಗೇ ಹೆಚ್ಚು ವಾಲುತ್ತದೆ ಎಂಬುದು ನಿಮಗೆ ಗೊತ್ತಿರುವುದೇ, ಮತ್ತು ಅದಕ್ಕಾಗಿ ನೀವು ನನ್ನ ಮೇಲೆ ಒಂದು ದಿನವೂ ಮುನಿಸಿಕೊಂಡವರಲ್ಲ. ಮಗಳಿಗೆ ಸಿಗುವ ಈ ವಿನಾಯಿತಿ ಗೆಳೆಯನಿಗೆ ಏಕೆ ಸಿಗಬಾರದು ಎಂಬುದಷ್ಟೇ ನನ್ನ ಪ್ರಶ್ನೆ.

ನಮ್ಮ ಬ್ಯಾಂಕಿನ ಶಾಖೆಯಲ್ಲಿ ನನ್ನ ಪಕ್ಕದ ಕೌಂಟರಿನಲ್ಲಿ ಕೂರುವ ಗೆಳತಿಯ ವಿಷಯ ಅವ್ವ ನಿಮಗೆ ಹೇಳಿರಬಹುದು. ಆಕೆ ಬೆಳಗಾವಿಯಲ್ಲಿ ಮರಾಠಿ ಮನೆತನದಲ್ಲಿ ಹುಟ್ಟಿ ಬೆಳೆದು, ಮದುವೆಯಾಗಿ ಪುಣೆಗೆ ಬಂದವಳು. ನನ್ನೊಡನೆ ಅಚ್ಚ ಬೆಳಗಾವಿ ಕನ್ನಡದಲ್ಲಿಯೇ ಮಾತನಾಡುತ್ತಾಳೆ. ಆದರೆ ಬೆಳಗಾವಿಯು ಮಹಾರಾಷ್ಟ್ರಕ್ಕೆ ಸೇರಬೇಕು ಎಂಬುದರಲ್ಲಿ ಆಕೆಗೆ ಎಳ್ಳಷ್ಟೂ ಅನುಮಾನವಿಲ್ಲ. ನೀವು ನನ್ನ ಕೈಹಿಡಿದು ರಾಜ್ಯೋತ್ಸವದ ಮೆರವಣಿಗೆಗೆ ಕರೆದೊಯ್ಯುತ್ತಿದ್ದ ನವೆಂಬರ್ 1ರಂದೇ ಆಕೆಯ ತಂದೆ ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಕರಾಳ ದಿನದ ಮೆರವಣಿಗೆಗೆ ಹೊರಡುತ್ತಿದ್ದರು. ಇದಲ್ಲದೆ ದೇಶದ ರಾಜಕಾರಣದಲ್ಲಿಯೂ ನಾವಿಬ್ಬರೂ ಎದುರುಬದುರು. ಇಷ್ಟಿದ್ದೂ ಈ ಊರಿನಲ್ಲಿ ಮನೆಯ ಬೀಗದ ಕೈಯನ್ನು ನಂಬಿ ಕೊಡಬೇಕಾದರೆ ನಾನು ಮೊದಲು ನೆನೆಯುವುದು ಆಕೆಯನ್ನೇ.

ಹೀಗೆಂದ ಮಾತ್ರಕ್ಕೆ ನಾವು ರಾಜಕೀಯವನ್ನು ಬದಿಗಿಟ್ಟು ಸ್ನೇಹ ಉಳಿಸಿಕೊಂಡೆವು ಎಂದು ತಿಳಿಯಬೇಡಿ. ಗಡಿಯ ವಿಷಯದಲ್ಲಿ ನಾವು ಆಡದ ಜಗಳವಿಲ್ಲ. ಗಡಿಯ ತಕರಾರನ್ನು ಪರಿಶೀಲಿಸಲು ಮಹಾಜನ ಆಯೋಗವು 1966ರಲ್ಲಿ ನೇಮಕವಾದದ್ದು ಮಹಾರಾಷ್ಟ್ರದವರ ಒತ್ತಾಯದಿಂದಲೇ. ಅಲ್ಲಿನ ಸ್ವಾತಂತ್ರ್ಯ ಹೋರಾಟಗಾರ ಸೇನಾಪತಿ ಬಾಪಟರು ಉಪವಾಸ ಕೂತದ್ದೂ ಅದಕ್ಕಾಗಿಯೇ. ಮರುವರ್ಷ ಬಂದ ವರದಿಯು ಬೆಳಗಾವಿಯನ್ನು ಮೈಸೂರು ರಾಜ್ಯದಲ್ಲಿಯೇ ಉಳಿಸಿತೆಂಬ ಕಾರಣಕ್ಕೆ ಅದನ್ನು ತಳ್ಳಿಹಾಕುವುದು ಯಾವ ನ್ಯಾಯ ಎಂದು ನಾನು ಕೇಳುತ್ತೇನೆ. ಅದಕ್ಕೆ ಆಕೆ ಕೇಳುವ ಮರುಪ್ರಶ್ನೆ ಇದು: "ಮಹಾಜನ ವರದಿಯೇ ಅಂತಿಮ ಎಂದು ನೀವು ಕೂಗುತ್ತೀರಲ್ಲ, ಅದೇ ವರದಿಯ ಪ್ರಕಾರ ನಿಪ್ಪಾಣಿ, ಖಾನಾಪುರಗಳನ್ನು ಮಹಾರಾಷ್ಟ್ರಕ್ಕೆ ಬಿಟ್ಟುಕೊಡಬೇಕು. ಆ ಮಾತನ್ನು ನಿಮ್ಮಲ್ಲಿ ಯಾರಾದರೂ ಬಾಯಿಬಿಟ್ಟು ಹೇಳಿದ್ದುಂಟೇ?" ಇದಕ್ಕೆ ನನ್ನಲ್ಲಿ ನೇರ ಉತ್ತರವಿಲ್ಲ. ಜತ್ತ, ಅಕ್ಕಲಕೋಟೆ, ಕಾಸರಗೋಡುಗಳ ವಿಷಯದಲ್ಲಿ ಆ ವರದಿ ನಮ್ಮ ಪರವಾಗಿದೆ ಎಂದು ಹೇಳಿ ಲೆಕ್ಕವನ್ನು ಸರಿದೂಗಿಸಲು ನೋಡುತ್ತೇನೆಯಾದರೂ, ನಮ್ಮ ಕಡೆಯವರು ವರದಿಯನ್ನು ಪೂರ್ತಿ ಓದದೆ ಕೂಗುತ್ತಾರೆ ಎಂಬ ಆಕೆಯ ಮಾತು ನಿಜವೇ.

2022ರ ಡಿಸೆಂಬರಿನಲ್ಲಿ ಗಡಿಯ ಗಲಾಟೆ ಮತ್ತೆ ಹೊತ್ತಿಕೊಂಡಿತು. ಹಿರೇಬಾಗೇವಾಡಿಯ ಟೋಲ್ ನಾಕೆಯ ಬಳಿ ಮಹಾರಾಷ್ಟ್ರದ ಲಾರಿಗಳ ಮೇಲೆ ಕಲ್ಲು ಬಿದ್ದವು; ಅದಕ್ಕೆ ಪ್ರತಿಯಾಗಿ ಇಲ್ಲಿನ ಸ್ವಾರಗೇಟಿನಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಳಿದರು. ನಮ್ಮ ಕಾರಿಗೆ ಇನ್ನೂ ಕೆಎ 25 ನಂಬರೇ ಇತ್ತು. ಅಂದು ಸಂಜೆ ಗೆಳತಿ ತಾನಾಗಿಯೇ ಫೋನು ಮಾಡಿ, ಕಾರನ್ನು ರಸ್ತೆಯಲ್ಲಿ ನಿಲ್ಲಿಸಬೇಡಿರೆಂದು ಹೇಳಿ, ತಮ್ಮ ಸೊಸೈಟಿಯ ಒಳಗೆ ತನ್ನ ಕಾರಿನ ಜಾಗವನ್ನೇ ಬಿಟ್ಟುಕೊಟ್ಟಳು. ಕಾರು ನಿಲ್ಲಿಸಿ ಮೇಲೆ ಹೋಗಿ ಚಹಾ ಕುಡಿಯುತ್ತಿದ್ದಾಗ ನಾನು ಬಸ್ಸಿಗೆ ಮಸಿ ಬಳಿದವರನ್ನು ಬೈದೆ. ಆಕೆ ಸುಮ್ಮನಿರಲಿಲ್ಲ. 2005ರಲ್ಲಿ ಬೆಳಗಾವಿಯ ಮೇಯರರ ಮುಖಕ್ಕೆ ಬೆಂಗಳೂರಿನಲ್ಲಿ ಮಸಿ ಬಳಿದಾಗ ನೀನು ಏನು ಹೇಳಿದ್ದೆ ಎಂದು ಕೇಳಿದಳು. ಅಂದು ಮನೆಗೆ ಮರಳುವಾಗ ನನಗೆ ಸಿಟ್ಟು ಬಂದಿತ್ತು. ಆದರೆ ಆ ಗಲಾಟೆ ತಣ್ಣಗಾಗುವವರೆಗೂ ಕಾರು ಆಕೆಯ ಜಾಗದಲ್ಲಿಯೇ ನಿಂತಿತ್ತು.

ಇಂಥ ಜಗಳಗಳು ಗೆಳೆತನವನ್ನು ಮುರಿಯದೆ ಇರುವುದಕ್ಕೆ ನನಗೆ ತೋಚುವ ಕಾರಣ ಒಂದೇ: ಅವುಗಳಿಗೆ ನೋಡುಗರಿಲ್ಲ. ಇಬ್ಬರೇ ಇದ್ದಾಗ ಒಂದು ಮಾತನ್ನು ಬಿಟ್ಟುಕೊಟ್ಟರೆ ಯಾರಿಗೂ ಅವಮಾನವಾಗುವುದಿಲ್ಲ. ನಲವತ್ತು ಜನ ನೋಡುತ್ತಿರುವಾಗ ಬಿಟ್ಟುಕೊಟ್ಟರೆ ಅದು ಸೋಲಾಗುತ್ತದೆ. 2016ರ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟುಗಳು ರದ್ದಾದ ಮೇಲೆ ನಾವಿಬ್ಬರೂ ಕೌಂಟರಿನಲ್ಲಿ ಕೂತು ವಾರಗಟ್ಟಲೆ ಜನರ ಬೈಗುಳ ತಿಂದವರು. ಆ ಕ್ರಮದಿಂದ ಕಪ್ಪುಹಣ ಮಣ್ಣುಪಾಲಾಗುತ್ತದೆ ಎಂದು ಆಕೆ ನಂಬಿದ್ದಳು, ನಾನು ನಂಬಿರಲಿಲ್ಲ. ರದ್ದಾದ ನೋಟುಗಳ ಪೈಕಿ ಶೇಕಡಾ 99.3ರಷ್ಟು ಬ್ಯಾಂಕುಗಳಿಗೆ ಹಿಂದಿರುಗಿವೆ ಎಂದು ರಿಸರ್ವ್ ಬ್ಯಾಂಕಿನ ವಾರ್ಷಿಕ ವರದಿ 2018ರಲ್ಲಿ ಹೇಳಿದಾಗ, ಆಕೆ ಮಧ್ಯಾಹ್ನದ ಡಬ್ಬಿ ತೆರೆಯುತ್ತ "ಈ ಒಂದು ಲೆಕ್ಕ ನಮ್ಮವರಿಗೆ ತಪ್ಪಿತು, ಆದರೆ ಉದ್ದೇಶ ತಪ್ಪಿರಲಿಲ್ಲ" ಎಂದಳು. ನಾನು ಮೊದಲರ್ಧವನ್ನು ಒಪ್ಪಿ ಎರಡನೆಯ ಅರ್ಧಕ್ಕೆ ವಾದ ಹೂಡಿದೆ. ಇದೇ ಮಾತನ್ನು ಶಾಖೆಯ ಗುಂಪಿನಲ್ಲಿ ನಾನು ಕೆಣಕಿ ಕೇಳಿದ್ದರೆ, ಆಕೆ ಆ ಶೇಕಡಾವಾರನ್ನೇ ಸುಳ್ಳೆಂದು ಸಾಧಿಸಲು ಹೊರಡುತ್ತಿದ್ದಳು. ಆಕೆಯ ಜಾಗದಲ್ಲಿ ನಾನಿದ್ದರೂ ಹಾಗೆಯೇ ಮಾಡುತ್ತಿದ್ದೆ.

ಈ ಪುಣೆಯಲ್ಲಿಯೇ ಇದಕ್ಕೊಂದು ಹಳೆಯ ನಿದರ್ಶನವಿದೆ. ಲೋಕಮಾನ್ಯ ತಿಲಕರೂ ಸಮಾಜಸುಧಾರಕ ಅಗರಕರರೂ ಒಂದೇ ವರ್ಷ, 1856ರಲ್ಲಿ ಹುಟ್ಟಿದವರು, ಡೆಕ್ಕನ್ ಕಾಲೇಜಿನಲ್ಲಿ ಗೆಳೆಯರಾದವರು. ಇಬ್ಬರೂ ಸೇರಿ ಶಾಲೆ ಕಟ್ಟಿದರು, 1881ರಲ್ಲಿ 'ಕೇಸರಿ' ಹೊರಟಾಗ ಅದರ ಮೊದಲ ಸಂಪಾದಕರು ಅಗರಕರರೇ. ಕೊಲ್ಹಾಪುರದ ದಿವಾನರ ಮಾನಹಾನಿಯ ಪ್ರಕರಣದಲ್ಲಿ 1882ರಲ್ಲಿ ಇಬ್ಬರೂ ಮುಂಬಯಿಯ ಡೋಂಗ್ರಿ ಸೆರೆಮನೆಯಲ್ಲಿ 101 ದಿನ ಒಟ್ಟಿಗೆ ಕಳೆದರು. ಸಮಾಜಸುಧಾರಣೆ ಮೊದಲೋ ಸ್ವರಾಜ್ಯ ಮೊದಲೋ ಎಂಬ ಭಿನ್ನಾಭಿಪ್ರಾಯ ಆಗಲೂ ಅವರ ನಡುವೆ ಇತ್ತು. ಅದು ಗೆಳೆತನವನ್ನು ಕೆಡಿಸಲಿಲ್ಲ. ಆದರೆ ಅಗರಕರರು 1887ರಲ್ಲಿ 'ಕೇಸರಿ'ಯನ್ನು ಬಿಟ್ಟು ಮರುವರ್ಷ 'ಸುಧಾರಕ' ಪತ್ರಿಕೆಯನ್ನು ಹೊರಡಿಸಿದ ಮೇಲೆ ವಾದವು ಕೋಣೆಯಿಂದ ಅಚ್ಚಿನ ಮನೆಗೆ ಬಂತು. ಒಬ್ಬರು ಬರೆದದ್ದಕ್ಕೆ ಇನ್ನೊಬ್ಬರು ಉತ್ತರಿಸಬೇಕು, ಆ ಉತ್ತರಕ್ಕಾಗಿ ಊರೇ ಕಾದಿರುತ್ತದೆ. ಹುಡುಗಿಯರ ಸಮ್ಮತಿಯ ವಯಸ್ಸನ್ನು ಹತ್ತರಿಂದ ಹನ್ನೆರಡಕ್ಕೆ ಏರಿಸಿದ 1891ರ ಕಾಯಿದೆಯ ಹೊತ್ತಿಗೆ, ಅಗರಕರರು ಅದರ ಪರವಾಗಿಯೂ ತಿಲಕರು ವಿರುದ್ಧವಾಗಿಯೂ ನಿಂತಾಗ, ಮಾತು ವಿಷಯವನ್ನು ದಾಟಿ ವ್ಯಕ್ತಿಗಳ ಮೇಲೆ ಹೋಗಿತ್ತು. ಅಗರಕರರು ಬದುಕಿರುವಾಗಲೇ ಸಂಪ್ರದಾಯಸ್ಥರು ಅವರ ಅಣಕು ಶವಯಾತ್ರೆ ತೆಗೆದ ಊರು ಇದು. ಅವರು 1895ರಲ್ಲಿ, ಇನ್ನೂ ನಲವತ್ತು ತುಂಬುವ ಮೊದಲೇ ತೀರಿಕೊಂಡರು. ತಿಲಕರು 'ಕೇಸರಿ'ಯಲ್ಲಿ ಶ್ರದ್ಧಾಂಜಲಿ ಬರೆದರು. 1915ರಲ್ಲಿ ಗೋಖಲೆಯವರು ತೀರಿಕೊಂಡಾಗಲೂ ಹಾಗೆಯೇ: ಜೀವಮಾನವಿಡೀ ಎದುರಾಳಿಯಾಗಿದ್ದವರನ್ನು ತಿಲಕರು ಸ್ಮಶಾನದಲ್ಲಿ ನಿಂತು ಭಾರತದ ವಜ್ರವೆಂದು ಹೊಗಳಿದರು. ಈ ಕಥೆಗಳನ್ನು ಇಲ್ಲಿನವರು ಹಿರಿಯರ ದೊಡ್ಡ ಮನಸ್ಸಿಗೆ ಸಾಕ್ಷಿಯಾಗಿ ಹೇಳುತ್ತಾರೆ. ನನಗಾದರೋ, ಆ ಒಳ್ಳೆಯ ಮಾತುಗಳು ಕೇಳಬೇಕಾದವರ ಕಿವಿಗೆ ಬೀಳಲಿಲ್ಲವಲ್ಲ ಎಂದೇ ಅನ್ನಿಸುತ್ತದೆ.

ಹಾಗಾದರೆ ಗುಂಪಿನಲ್ಲಿ ರಾಜಕೀಯವನ್ನೇ ನಿಷೇಧಿಸಿದರಾಯಿತು ಎಂದು ನೀವು ಹೇಳಬಹುದು. ಇಲ್ಲಿನ ನಮ್ಮ ಕನ್ನಡ ಹೆಂಗಸರ ಭಜನಾ ಮಂಡಳಿಯಲ್ಲಿ ಅಂಥ ನಿಯಮ ಮಾಡಿದ್ದಾರೆ. ಶಾಂತಿಯೇನೋ ಇದೆ. ಆದರೆ ಯಾರು ಯಾವ ಕಡೆಯವರೆಂದು ಎಲ್ಲರಿಗೂ ಗೊತ್ತಿದ್ದು, ಆಯಾ ಕಡೆಯವರು ಭಜನೆ ಮುಗಿದ ಮೇಲೆ ಬೇರೆ ಬೇರೆಯಾಗಿ ನಿಂತು ಪಿಸುಗುಟ್ಟುತ್ತಾರೆ. ನನಗೆ ಆ ಪಿಸುಮಾತಿಗಿಂತ ಗೆಳತಿಯ ಎದುರುಮಾತೇ ಮೇಲು.

ಎಲ್ಲ ಅಭಿಪ್ರಾಯಗಳೊಡನೆಯೂ ಹೀಗೆ ಬಾಳುವೆ ಮಾಡಬಹುದೆಂದು ನಾನು ಹೇಳುತ್ತಿಲ್ಲ. ನಮ್ಮ ಸೊಸೈಟಿಯಲ್ಲಿ ಒಬ್ಬರಿದ್ದಾರೆ. ಇಂಥ ಧರ್ಮದವರಿಗೆ ಮನೆ ಬಾಡಿಗೆಗೆ ಕೊಡಬಾರದೆಂದು ಸಭೆಯಲ್ಲಿ ಎದ್ದು ನಿಂತು ಹೇಳಿ, ಒಂದು ಎಳೆಯ ದಂಪತಿಗೆ ಮನೆ ತಪ್ಪುವಂತೆ ಮಾಡಿದರು. ಅವರು ನನಗೆ ಆತ್ಮೀಯರೇ ಆಗಿದ್ದರು. ಈಗ ಲಿಫ್ಟಿನಲ್ಲಿ ಸಿಕ್ಕರೆ ನಮಸ್ಕಾರ ಹೇಳುತ್ತೇನೆ, ಅಷ್ಟೇ. ರಾಜ್ಯದ ಗಡಿ ಎಲ್ಲಿರಬೇಕು, ಸರಕಾರ ಯಾರದಿರಬೇಕು, ತೆರಿಗೆ ಎಷ್ಟಿರಬೇಕು ಎಂಬ ಭೇದಗಳು ಬೇರೆ. ಎದುರಿಗಿರುವ ಮನುಷ್ಯನಿಗೆ ಸೂರು ಸಿಗಬಾರದೆನ್ನುವುದು ಬೇರೆ. ಮಾಸ್ತರ ಕಾಕಾನ ಅಭಿಪ್ರಾಯ ಈ ಎರಡನೆಯ ಬಗೆಯದೆಂದು ನಿಮಗೆ ಪ್ರಾಮಾಣಿಕವಾಗಿ ಅನ್ನಿಸುತ್ತದೆಯೇ? ನಿಮ್ಮ ಮಂಡಿಯ ಶಸ್ತ್ರಚಿಕಿತ್ಸೆಯಾದಾಗ ರಾತ್ರಿಯಿಡೀ ಆಸ್ಪತ್ರೆಯ ಬೆಂಚಿನ ಮೇಲೆ ಕೂತವರು ಅವರು. ಆಗ ಅವರು ಯಾವ ಪಕ್ಷಕ್ಕೆ ಮತ ಹಾಕುತ್ತಿದ್ದರೋ ಈಗಲೂ ಅದಕ್ಕೇ ಹಾಕುತ್ತಿದ್ದಾರೆ.

ಆದ್ದರಿಂದ ನನ್ನ ವಿನಂತಿ ಇಷ್ಟು. ಕಾಕಾನನ್ನು ಗುಂಪಿಗೆ ಮರಳಿ ಕರೆಯಬೇಡಿ, ಮನೆಗೆ ಕರೆಯಿರಿ. ಕ್ಷಮೆ ಕೇಳುವುದಾಗಲಿ ಕೇಳಿಸಿಕೊಳ್ಳುವುದಾಗಲಿ ಬೇಡ. ಗುಂಪಿನಲ್ಲಿ ಅರ್ಧಕ್ಕೆ ನಿಂತ ವಾದವನ್ನು ಬೇಕಾದರೆ ಪಡಸಾಲೆಯಲ್ಲಿ ಮುಂದುವರಿಸಿರಿ. ಅವ್ವ ಇಬ್ಬರನ್ನೂ ಸಮನಾಗಿ ಬೈಯುತ್ತಾಳೆ, ಆ ಭರವಸೆ ನನಗಿದೆ.

ಇದಕ್ಕೊಂದು ನೆಪವನ್ನೂ ನಾನೇ ಒದಗಿಸುತ್ತೇನೆ. ಗೆಳತಿಯ ಸೋದರಳಿಯನ ಮದುವೆ ಬೆಳಗಾವಿಯಲ್ಲಿದೆ. ಅದಕ್ಕೆ ಮೊದಲು ಆಕೆ ನನ್ನೊಡನೆ ವಂದೇ ಭಾರತ್ ರೈಲಿನಲ್ಲಿ ನೇರವಾಗಿ ಧಾರವಾಡಕ್ಕೆ ಬಂದು ಎರಡು ದಿನ ನಮ್ಮ ಮನೆಯಲ್ಲಿದ್ದು, ಆಮೇಲೆ ಬೆಳಗಾವಿಗೆ ಹೋಗುವವಳಿದ್ದಾಳೆ. ಗಡಿಯ ಮಾತು ಬಂದೇ ಬರುತ್ತದೆ. ಚುನಾವಣೆಯಲ್ಲಿ ಎದುರಾಳಿಗಳಾದ ನೀವೂ ಕಾಕಾನೂ ಬೆಳಗಾವಿಯ ವಿಷಯಕ್ಕೆ ಬಂದರೆ ಒಂದೇ ಪಕ್ಷ ಎಂಬುದನ್ನು ನಾನು ಚಿಕ್ಕಂದಿನಿಂದ ಕೇಳಿ ಬಲ್ಲೆ, ಆದ್ದರಿಂದ ಆಕೆಯ ಎದುರು ನಾವು ಮೂವರಾಗುತ್ತೇವೆ. ಅದು ಅನ್ಯಾಯವೆಂದು ಆಕೆ ಈಗಾಗಲೇ ತಕರಾರು ತೆಗೆದಿದ್ದಾಳೆ. ಮಹಾರಾಷ್ಟ್ರ ಸರಕಾರ 2004ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಹೂಡಿದ ದಾವೆಯ ಕುರಿತಾದ ಕಾಗದಗಳನ್ನು ಜೊತೆಗೆ ತರುತ್ತಾಳಂತೆ. ಪತ್ರಿಕೆಯ ತುಣುಕುಗಳನ್ನು ಆಕೆ ಪುರಾವೆಯೆಂದು ಒಪ್ಪುವವಳಲ್ಲ. ಆದ್ದರಿಂದ ಅಟ್ಟದ ಮೇಲಿನ ಟ್ರಂಕಿನಲ್ಲಿರುವ ಮಹಾಜನ ವರದಿಯ ಪ್ರತಿಯನ್ನು ಇಳಿಸಿ, ನಿಪ್ಪಾಣಿಯ ಭಾಗವನ್ನು ಮೊದಲೇ ಒಮ್ಮೆ ಓದಿಟ್ಟುಕೊಳ್ಳಿ. ಆಕೆಗೆ ಖಾರ ನಡೆಯುತ್ತದೆ, ಬೆಳ್ಳುಳ್ಳಿ ನಡೆಯುವುದಿಲ್ಲ ಎಂದು ಅವ್ವನಿಗೆ ತಿಳಿಸಿರಿ.

ಇತಿ ನಿಮ್ಮ ಮಗಳು