ಆ ಚೀಟಿ ನಮ್ಮ ಕಣ್ಣಿಗೂ ಬೀಳಲಿ, ಸ್ವಾಮಿ

ರಾಜ್ಯದ ಮುಖ್ಯ ಚುನಾವಣಾಧಿಕಾರಿಗಳಿಗೆ,

ಮಾನ್ಯರೇ,

ಬರೀಬೇಕು ಅಂತ ಎಷ್ಟೋ ಸಲ ಅಂದುಕೊಂಡು ಸುಮ್ಮನಾಗಿದ್ದೆ. ಇನ್ನು ಆಗಲ್ಲ. ಮತ ಹಾಕಿದ ಮೇಲೆ, ಅದು ಯಾರಿಗೆ ಬಿತ್ತು ಅಂತ ತೋರಿಸಲು ಮತಯಂತ್ರದ ಜೊತೆಗಿಟ್ಟ ವಿವಿಪ್ಯಾಟ್ ಅನ್ನೋ ಯಂತ್ರದಲ್ಲಿ ಬರುವ ಚೀಟಿ ನಮಗೆ ಕಾಣುವ ಹಾಗೆ ಮಾಡಿ.

ಚೀಟಿ ಕಾಣುವುದು 7 ಸೆಕೆಂಡ್. ನಿಮಗೆ ಗೊತ್ತಿರುವುದೇ. ನಮ್ಮಮ್ಮನ ವಯಸ್ಸಿನವರಿಗೆ ಗುಂಡಿ ಪಕ್ಕದ ಕೆಂಪು ದೀಪ ನೋಡುವುದರಲ್ಲೇ ಅದು ಕಳೆದುಹೋಗುತ್ತದೆ. 2024ರ ಏಪ್ರಿಲ್ 26ರಂದು ಮದ್ದೂರು ಕಡೆಯ ನಮ್ಮೂರ ಶಾಲೆಯಲ್ಲಿ ಆಗಿದ್ದೂ ಅದೇ. ಅಮ್ಮನಿಗೆ ಎರಡೂ ಕಣ್ಣಿಗೆ ಪೊರೆ ಆಪರೇಷನ್ ಆಗಿದೆ. ಕನ್ನಡಕ ಸರಿಮಾಡಿಕೊಂಡು ಆ ಪುಟ್ಟ ಗಾಜಿನ ಕಿಂಡಿಗೆ ಬಗ್ಗುವಷ್ಟರಲ್ಲಿ ಚೀಟಿ ಬಿದ್ದು, ಪೀಂ ಅಂದಾಗಿತ್ತು.

“ಏನೂ ಕಾಣ್ಲಿಲ್ಲ ಕಣಪ್ಪ, ಇನ್ನೊಂದ್ಸಲ ತೋರ್ಸು” ಅಂದರು. ಮೇಜಿನ ಹಿಂದೆ ಕೂತಿದ್ದವರು ತಲೆಯನ್ನೂ ಎತ್ತಲಿಲ್ಲ. “ಪೀಂ ಅಂತಲ್ಲಜ್ಜಿ, ಓಟು ಬಿತ್ತು, ನಡೀರಿ.” ಸಾಲಲ್ಲಿದ್ದವರು ನಕ್ಕರು. ದಾರಿಯುದ್ದಕ್ಕೂ ಅಮ್ಮನದು ಒಂದೇ ಪ್ರಶ್ನೆ, “ಯಾರಿಗೆ ಬಿತ್ತೋ?” ನಾನೇನು ಹೇಳಲಿ? ನೀವಾದರೂ ಹೇಳ್ತೀರಾ?

ಎಲ್ಲ ಚೀಟಿಗಳನ್ನೂ ಎಣಿಸಬೇಕೆಂಬ ಬೇಡಿಕೆಯನ್ನು ಸುಪ್ರೀಂ ಕೋರ್ಟ್ ತಳ್ಳಿಹಾಕಿದ್ದೂ ಅದೇ ದಿನ. ಸರಿ, ಒಪ್ಪಿದೆವು. ಪ್ರತಿ ವಿಧಾನಸಭಾ ಕ್ಷೇತ್ರದಲ್ಲಿ ಲಾಟರಿ ಎತ್ತಿ 5 ಮತಗಟ್ಟೆಯ ಚೀಟಿ ಎಣಿಸಿ, ಮೆಷಿನ್ ಲೆಕ್ಕಕ್ಕೆ ತಾಳೆ ನೋಡುತ್ತೀರಿ. ಆದರೆ ಒತ್ತಿದ ಗುಂಡಿಯದೇ ಚೀಟಿ ಬಂತಾ ಅನ್ನೋದಕ್ಕೆ ಸಾಕ್ಷಿ ಯಾರು? ಒತ್ತಿದವರೊಬ್ಬರೇ. ಅವರೇ ನೋಡದಿದ್ದರೆ ತಾಳೆ ಆಗಿ ಏನು ಬಂತು? ಮೆಷಿನ್‌ನಲ್ಲಿ ಮೋಸ ಇದೆ ಅಂತ ನಾನು ಹೇಳುತ್ತಿಲ್ಲ. ಕಾಣಿಸಿ ಅಂತಿದ್ದೇನೆ, ಅಷ್ಟೇ.

ತಪ್ಪು ಚೀಟಿ ಬಂದರೆ ದೂರು ಕೊಡಬಹುದಂತೆ. ಸುಳ್ಳಾದರೆ ಶಿಕ್ಷೆ ಅಂತ ಎಚ್ಚರಿಸಿ, ಬರೆಸಿಕೊಂಡು, ಆಮೇಲೆ ಪರೀಕ್ಷೆಗೆ ಇನ್ನೊಂದು ಮತ ಹಾಕಿಸುತ್ತಾರಂತೆ. ಭೇಷ್! ಕಾಣದೇ ಇರುವ ಚೀಟಿ ಮೇಲೆ ಏನಂತ ದೂರು ಕೊಡೋದು?

2019ರಲ್ಲಂತೂ ನಮ್ಮ ಮಂಡ್ಯದಲ್ಲಿ 22 ಅಭ್ಯರ್ಥಿಗಳು, ಗುಂಡಿ ಒತ್ತುವ ಬ್ಯಾಲೆಟ್ ಯೂನಿಟ್ಟೇ ಎರಡು. ಸುಮಲತಾ ಅನ್ನೋ ಹೆಸರಿನವರೇ ನಾಲ್ಕು ಜನ. ಅಂಥ ಕಡೆ ಚೀಟಿ ನೋಡದೆ ನಂಬಿ ಅಂದರೆ ಹೇಗೆ?

2025ರ ಬಿಹಾರ ಚುನಾವಣೆಯಿಂದ ಮತಪತ್ರದಲ್ಲಿ ಬಣ್ಣದ ಫೋಟೊ, ದಪ್ಪ ಅಕ್ಷರ ಬಂದಿವೆ. ಸಂತೋಷ. ಅದೇ ಕಾಳಜಿ ಚೀಟಿ ಮೇಲೂ ಇರಲಿ. 7 ಸೆಕೆಂಡ್ ಸಾಲದು, ಜಾಸ್ತಿ ಮಾಡಿ ಅಂತ ಆಯೋಗಕ್ಕೆ ಬರೆಯಿರಿ. “ಗುಂಡಿ ಒತ್ತಿ ತಕ್ಷಣ ಕಿಂಡಿ ನೋಡಿ” ಅಂತ ಒಳಗೆ ಹೋಗುವ ಮುಂಚೆಯೇ ಸಿಬ್ಬಂದಿ ಬಾಯಿಬಿಟ್ಟು ಹೇಳಲಿ. ಅದಕ್ಕೇನು ಕಾನೂನು ತಿದ್ದುಪಡಿ ಬೇಕಾಗಿಲ್ಲ, ಅಲ್ವಾ?

ಚೀಟಿ ಕಾಣಿಸಿ.

ಇಂತಿ,
ಮದ್ದೂರು ತಾಲೂಕಿನ ಒಬ್ಬ ಮತದಾರ